ನಾಲ್ಕು ಸಾಲಿನ ಲೆಕ್ಕ

ಪೆನ್‌ಡ್ರೈವ್‌ನಲ್ಲಿ 20 ಜಿಬಿ ಜಾಗ ಖಾಲಿ ಇರುತ್ತೆ. ಮದುವೆ ವಿಡಿಯೊ ಬರೀ 5 ಜಿಬಿ. ಆದರೂ ಹಾಕಲು ಹೋದರೆ ‘ಫೈಲ್ ತುಂಬಾ ದೊಡ್ಡದು’ ಅಂತ ಕಂಪ್ಯೂಟರ್ ಮುಖ ತಿರುಗಿಸುತ್ತೆ. ಇದು ನಿಮಗೂ ಆಗಿರಬಹುದು. ಹಳೆಯ ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ನಲ್ಲಿ ಒಂದೇ ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಅದೇ ಕಾರಣ. ಆಗ ನಾವೇನು ಮಾಡ್ತೀವಿ? ವಿಡಿಯೊ ಎರಡು ತುಂಡು ಮಾಡ್ತೀವಿ. ಧಾರೆ ಒಂದರಲ್ಲಿ, ಊಟ ಇನ್ನೊಂದರಲ್ಲಿ. ಯಾರಿಗೂ ನಷ್ಟವಿಲ್ಲ.

ಈ ವಾರದ ವಿಷಯವೂ ತುಂಡು ಮಾಡೋದೇ. ಆದರೆ ತುಂಡಾಗೋದು ಮದುವೆ ವಿಡಿಯೊ ಅಲ್ಲ, ಡಿಎನ್‌ಎ ಓದುವ ಯಂತ್ರ ಕೊಡುವ ಭಾರೀ ಫೈಲುಗಳು. ಇಲ್ಲಿ ಕೆಲವು ತುಂಡುಗಳು ಸದ್ದಿಲ್ಲದೆ ಕಾಣೆಯಾದರೂ ಕೆಲಸ ಮುಂದೆ ಸಾಗಬಹುದು. ಕೊನೆಗೆ ಒಂದು ಉತ್ತರವೂ ಬರುತ್ತೆ. ಆ ಉತ್ತರ ನಂಬಿಕೊಂಡು ಒಬ್ಬ ಡಾಕ್ಟರು ಒಂದು ಮನೆಯವರ ಜೊತೆ ಮಾತಾಡ್ತಾರೆ. ಅದಕ್ಕೇ ಈ ಸಣ್ಣ ಕೆಲಸದ ಬಗ್ಗೆ ಇಷ್ಟು ಉದ್ದ ಬರೀತಿದೀನಿ.

‘ಬಯಾಲಜಿನ ಪಿಯುಸಿಗೇ ಬಿಟ್ಟಾಯ್ತು’ ಅನ್ನೋರು ಹೆದರಬೇಡಿ. ನಾನೂ ಅದೇ ಪಾರ್ಟಿ. ಇಲ್ಲಿ ಬೇಕಾಗೋದು ನಾಲ್ಕರ ಮಗ್ಗಿ ಅಷ್ಟೇ.

ಫೈಲಿನ ಒಳಗೆ ಏನಿದೆ?

ಈಗ ಹೆಚ್ಚು ಬಳಕೆಯಲ್ಲಿರುವ ಯಂತ್ರಗಳು ನಮ್ಮ ಡಿಎನ್‌ಎಯನ್ನು ರಾಮಾಯಣದ ಹಾಗೆ ಮೊದಲಿಂದ ಕೊನೆವರೆಗೆ ಓದೋದಿಲ್ಲ. ಮೊದಲು ಅದನ್ನು ಚೂರು ಚೂರು ಮಾಡ್ತಾರೆ. ಪ್ರತಿ ಚೂರಿನ ಎರಡೂ ತುದಿಯಿಂದ ಸುಮಾರು 150 ಅಕ್ಷರ ಓದ್ತಾರೆ. ಅಕ್ಷರ ಅಂದರೆ ಎ, ಸಿ, ಜಿ, ಟಿ, ನಾಲ್ಕೇ. ಓದಲು ಆಗದ ಕಡೆ ಎನ್ ಅಂತ ಬರೆಯುತ್ತೆ. ಹೀಗೆ ಓದಿದ ಒಂದೊಂದು ತುಣುಕಿಗೆ ‘ರೀಡ್’ ಅಂತಾರೆ.

ಒಂದು ರೀಡ್‌ಗೆ ಫೈಲಿನಲ್ಲಿ ನಾಲ್ಕು ಸಾಲು. ಮೊದಲ ಸಾಲು @ ಚಿಹ್ನೆಯಿಂದ ಶುರು, ಅದರಲ್ಲಿ ರೀಡ್‌ನ ಹೆಸರು. ಎರಡನೆಯದು ಆ 150 ಅಕ್ಷರ. ಮೂರನೆಯದರಲ್ಲಿ ಒಂದು + ಗುರುತು. ನಾಲ್ಕನೆಯದರಲ್ಲಿ ಮತ್ತೆ 150 ಚಿಹ್ನೆಗಳು. ಒಂದೊಂದು ಅಕ್ಷರವನ್ನು ಎಷ್ಟು ನಂಬಬಹುದು ಅಂತ ಯಂತ್ರವೇ ಕೊಡುವ ಮಾರ್ಕ್ಸ್ ಅದು. 20 ಮಾರ್ಕ್ಸ್ ಅಂದರೆ 100 ಅಕ್ಷರಕ್ಕೆ ಒಂದು ತಪ್ಪಿರಬಹುದು. 30 ಅಂದರೆ 1,000ಕ್ಕೆ ಒಂದು. ಈ ಬಗೆಯ ಫೈಲಿಗೆ ಫಾಸ್ಟ್‌ಕ್ಯೂ ಅಂತ ಹೆಸರು. ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯಲ್ಲಿ ಹುಟ್ಟಿ, ಈಗ ಜಗತ್ತಿನ ಎಲ್ಲ ಲ್ಯಾಬುಗಳ ರೂಢಿಯಾಗಿದೆ.

ಈಗ ಗಾತ್ರದ ಲೆಕ್ಕ. ಮನುಷ್ಯನ ಜೀನೋಮ್ ಸುಮಾರು 300 ಕೋಟಿ ಅಕ್ಷರ. ಒಂದು ಸಲ ಓದಿದರೆ ನಂಬುವ ಹಾಗಿಲ್ಲ, ಯಂತ್ರವೂ ತಪ್ಪು ಓದುತ್ತೆ. ಹಾಗಾಗಿ ಪ್ರತಿ ಜಾಗವನ್ನೂ ಸರಾಸರಿ 30 ಸಲ ಓದಿಸೋದು ವಾಡಿಕೆ. ಅಲ್ಲಿಗೆ 9,000 ಕೋಟಿ ಅಕ್ಷರ ಆಯ್ತು. ರೀಡ್‌ಗೆ 150ರಂತೆ ಭಾಗಿಸಿದರೆ 60 ಕೋಟಿ ರೀಡ್. ಒಂದು ತುದಿಯವು ಒಂದು ಫೈಲಿನಲ್ಲಿ, ಇನ್ನೊಂದು ತುದಿಯವು ಎರಡನೇ ಫೈಲಿನಲ್ಲಿ. ಅಂದರೆ ಒಂದೊಂದು ಫೈಲಿಗೆ 30 ಕೋಟಿ ರೀಡ್, 120 ಕೋಟಿ ಸಾಲು. ಬಿಚ್ಚಿಟ್ಟರೆ ಎರಡೂ ಸೇರಿ 200 ಜಿಬಿ ದಾಟುತ್ತೆ. ಅದಕ್ಕೇ ಇವನ್ನು ಯಾವಾಗಲೂ ಒತ್ತಿ, ಅಂದರೆ ಕಂಪ್ರೆಸ್ ಮಾಡಿ ಇಡ್ತಾರೆ. ಆಗ ಮೂರರಲ್ಲೊಂದು ಅಥವಾ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತೆ.

ಇದೆಲ್ಲ ಅಮೆರಿಕದ ಕಥೆ ಅಂದುಕೊಳ್ಳಬೇಡಿ. 10,000 ಭಾರತೀಯರ ಜೀನೋಮ್ ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ 20 ಸಂಸ್ಥೆಗಳು ಸೇರಿದ್ದವು. ಅದರ ಸಮನ್ವಯ ಮಾಡಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ. ಆ ಡೇಟಾವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದರು. ಅದಕ್ಕೂ ಮೊದಲು, 2017ರಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನೇತೃತ್ವದ ತಂಡ ರಾಗಿಯ ಎಂಎಲ್-365 ತಳಿಯ ಜೀನೋಮ್ ಪ್ರಕಟಿಸಿತು. ಮುದ್ದೆಯ ರಾಗಿಯೂ ಇಂಥ ಫೈಲುಗಳನ್ನು ದಾಟಿಯೇ ಬಂದಿದೆ.

ಡಿಟ್ಟೊ ಹಾಕಿದ ಲೆಕ್ಕದ ಪುಸ್ತಕ

ಇಷ್ಟು ದೊಡ್ಡ ಫೈಲನ್ನು ಒಂದೇ ಕಂಪ್ಯೂಟರಿಗೆ ಕೊಟ್ಟರೆ ಅದು ದಿನಗಟ್ಟಲೆ ತಿನ್ನುತ್ತಾ ಕೂರುತ್ತೆ. 30 ತುಂಡು ಮಾಡಿ ಆರು ಕಂಪ್ಯೂಟರಿಗೆ ಹಂಚಿದರೆ ತಲಾ ಐದು ತುಂಡು. ಕೆಲಸ ಬೇಗ ಮುಗಿಯುತ್ತೆ. ಯಾವ ರೀಡ್ ಜೀನೋಮ್‌ನ ಯಾವ ಜಾಗಕ್ಕೆ ಸೇರಿದ್ದು ಅಂತ ಹುಡುಕುವಾಗ ಒಂದು ಜೋಡಿ ರೀಡ್‌ಗೆ ಪಕ್ಕದ ಜೋಡಿಯ ಹಂಗಿಲ್ಲ. ಹಾಗಾಗಿ ಹಂಚೋದರಲ್ಲಿ ತಪ್ಪೇನಿಲ್ಲ.

ಸರಿ, ಒತ್ತಿದ ಫೈಲನ್ನೇ ನೇರವಾಗಿ ಕತ್ತರಿಸಿದರೆ? ಆಗೋದಿಲ್ಲ.

ಕಿರಾಣಿ ಅಂಗಡಿಯ ಹಳೇ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಮೇಲೆ ‘ಸೋನಾ ಮಸೂರಿ 25 ಕೆಜಿ’ ಅಂತ ಬರೆದು, ಕೆಳಗಿನ ಸಾಲುಗಳಲ್ಲಿ ಡಿಟ್ಟೊ ಗುರುತು ಎಳೆದಿರುತ್ತಾರೆ. ಪುಟ ಪೂರ್ತಿ ಇದ್ದರೆ ಅರ್ಥ ಆಗುತ್ತೆ. ನಡುವೆ ಹರಿದು ಕೆಳಗಿನ ಅರ್ಧ ಮಾತ್ರ ಕೈಗೆ ಕೊಟ್ಟರೆ? ಬರೀ ಡಿಟ್ಟೊ. ಏನಕ್ಕೆ ಡಿಟ್ಟೊ ಅಂತ ಗೊತ್ತಾಗೋದಿಲ್ಲ.

ಜಿಜಿಪ್ ಮಾಡೋದೂ ಇದನ್ನೇ. ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ 1977ರಲ್ಲಿ ಕೊಟ್ಟ ಉಪಾಯದ ಮೇಲೆ ನಿಂತಿರುವ ಈ ಪ್ರೋಗ್ರಾಂ 1992ರಲ್ಲಿ ಬಂತು. ಹಿಂದೆ ಬಂದ ಮಾತೇ ಮತ್ತೆ ಬಂದರೆ ಅದನ್ನು ಪೂರ್ತಿ ಬರೆಯದೆ ‘ಇಷ್ಟು ಹಿಂದಕ್ಕೆ ಹೋಗಿ, ಇಷ್ಟು ಅಕ್ಷರ ತಗೊಳ್ಳಿ’ ಅಂತ ಬರೆದಿಡುತ್ತೆ. 32 ಕೆಬಿವರೆಗೂ ಹಿಂದಕ್ಕೆ ಬೆರಳು ತೋರಿಸಬಹುದು. ಹಾಗಾಗಿ ನಡುವಿನಿಂದ ಓದೋಕೆ ದಾರಿಯಿಲ್ಲ. ಮೊದಲಿಂದ ಬಿಚ್ಚಿಕೊಂಡೇ ಬರಬೇಕು.

ಇದಕ್ಕೂ ಒಂದು ಪರಿಹಾರ ಇದೆ. ಬಿಜಿಝಡ್‌ಎಫ್ ಅನ್ನೋ ಬಗೆಯಲ್ಲಿ ಒತ್ತಿದರೆ ಫೈಲು 64 ಕೆಬಿ ಮೀರದ ಪುಟ್ಟ ಪುಟ್ಟ ಕಟ್ಟುಗಳಾಗಿರುತ್ತೆ, ಪ್ರತಿ ಕಟ್ಟೂ ಸ್ವತಂತ್ರ. ಅಂಥ ಫೈಲಿನ ನಡುವೆ ಇಳಿಯಬಹುದು. ಆದರೆ ನಿಮ್ಮ ಕೈಗೆ ಬಂದಿರೋದು ಸಾದಾ ಜಿಜಿಪ್ ಆದರೆ ಬಿಚ್ಚಲೇಬೇಕು.

ಬಿಚ್ಚೋದು ಅಂದರೆ 200 ಜಿಬಿ ಡಿಸ್ಕ್ ಮೇಲೆ ಹರಡಿಕೊಳ್ಳಬೇಕು ಅಂತಲ್ಲ. ಲಿನಕ್ಸ್‌ನಲ್ಲಿ ಪೈಪ್ ಇದೆಯಲ್ಲ. ಝೆಡ್‌ಕ್ಯಾಟ್ ಅನ್ನೋ ಆಜ್ಞೆ ಫೈಲನ್ನು ಬಿಚ್ಚಿ ನಲ್ಲಿಯಿಂದ ನೀರು ಬಿಟ್ಟ ಹಾಗೆ ಸಾಲುಗಳನ್ನು ಬಿಡುತ್ತೆ. ಸ್ಪ್ಲಿಟ್ ಅನ್ನೋದು ಕೊಡಗಳನ್ನು ಸಾಲಾಗಿ ಹಿಡಿದು, ಒಂದು ತುಂಬಿದ ಮೇಲೆ ಇನ್ನೊಂದನ್ನು ನಲ್ಲಿಗೆ ಕೊಡುತ್ತೆ. ಆ ಸ್ಪ್ಲಿಟ್‌ಗೇ ಫಿಲ್ಟರ್ ಅಂತ ಒಂದು ಆಯ್ಕೆ ಇದೆ. ತುಂಬುತ್ತಿರುವ ಕೊಡವನ್ನು ಅದು ಆಗಲೇ ಜಿಜಿಪ್ ಕೈಗೆ ಕೊಡುತ್ತೆ, ಮತ್ತೆ ಒತ್ತೋಕೆ. ಬಿಚ್ಚಿದ ರೂಪ ಡಿಸ್ಕ್ ಮುಟ್ಟೋದೇ ಇಲ್ಲ. ಇಡೀ ಸ್ಕ್ರಿಪ್ಟಿನ ಜೀವ ಈ ಒಂದು ಸಾಲು.

ಕತ್ತರಿ ಎಲ್ಲಿ ಹಾಕೋದು?

ಡಿವಿಜಿಯವರ ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯ, ಪ್ರತಿಯೊಂದೂ ನಾಲ್ಕು ಸಾಲು. ಒಟ್ಟು 3,780 ಸಾಲು. ಇದನ್ನು 1,000 ಸಾಲಿಗೊಂದರಂತೆ ತುಂಡು ಮಾಡಿ. ಮೊದಲ ಮೂರು ತುಂಡಿಗೆ ತಲಾ 250 ಪದ್ಯ, ಕೊನೆಯದಕ್ಕೆ 195. ಎಲ್ಲ ಪದ್ಯವೂ ಇಡಿ ಇಡಿ ಉಳೀತು. ಅದೇ 1,002 ಸಾಲಿಗೆ ಕತ್ತರಿ ಹಾಕಿ ನೋಡಿ. 251ನೇ ಪದ್ಯದ ಎರಡು ಸಾಲು ಇತ್ತ, ಎರಡು ಸಾಲು ಅತ್ತ. ಎರಡನೇ ತುಂಡು ಹಿಡಿದವರಿಗೆ ಮೊದಲ ಸಾಲಿಂದಲೇ ಗೊಂದಲ.

ಫಾಸ್ಟ್‌ಕ್ಯೂ ಕೂಡ ಹೀಗೇ. ತುಂಡಿನ ಸಾಲುಗಳ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. ತುಂಡಿಗೆ ಒಂದು ಕೋಟಿ ರೀಡ್ ಬೇಕಾದರೆ ಸ್ಪ್ಲಿಟ್‌ಗೆ ಹೇಳಬೇಕಾದ್ದು ನಾಲ್ಕು ಕೋಟಿ ಸಾಲು. 120 ಕೋಟಿ ಸಾಲಿನ ಫೈಲು ಸರಿಯಾಗಿ 30 ತುಂಡು ಆಗುತ್ತೆ.

‘ಸಾಲು ಎಣಿಸೋದ್ಯಾಕೆ, @ ಕಂಡಲ್ಲಿ ಕತ್ತರಿಸಿದರೆ ಆಯ್ತಲ್ಲ’ ಅಂತ ಜಾಣರು ಕೇಳ್ತಾರೆ. ಬೇಡ. ನಾಲ್ಕನೇ ಸಾಲಿನ ಮಾರ್ಕ್ಸ್ ಇದೆಯಲ್ಲ, ಅಲ್ಲಿ 31 ಮಾರ್ಕ್ಸ್‌ಗೆ ಬಳಸುವ ಚಿಹ್ನೆ ಯಾವುದು ಗೊತ್ತಾ? ಇದೇ @. ಮಾರ್ಕ್ಸ್‌ನ ಸಾಲು @ ಇಂದ ಶುರುವಾದರೆ ನಿಮ್ಮ ಕತ್ತರಿ ಅದನ್ನೇ ಹೊಸ ರೀಡ್ ಅಂದುಕೊಳ್ಳುತ್ತೆ. ಗುರುತು ನಂಬಬೇಡಿ, ಎಣಿಕೆ ನಂಬಿ.

ಇನ್ನೊಂದು ಷರತ್ತು. ಫೈಲುಗಳು ಎರಡು. ಮೊದಲ ಫೈಲಿನ ನೂರನೇ ರೀಡ್‌ನ ಜೋಡಿ ಎರಡನೇ ಫೈಲಿನ ನೂರನೇ ರೀಡ್. ಒಂದೇ ಡಿಎನ್‌ಎ ಚೂರಿನ ಎರಡು ತುದಿಗಳು ಅವು. ಮದುವೆಮನೆ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಜೋಡಿಯ ಹಾಗೆ, ಒಂದು ಕಡೆ ಒಂದು ಹೆಚ್ಚುಕಮ್ಮಿ ಆದರೂ ಅಲ್ಲಿಂದಾಚೆ ಯಾವುದೂ ಹೊಂದೋದಿಲ್ಲ. ಹಾಗಾಗಿ ಎರಡಕ್ಕೂ ಒಂದೇ ಅಳತೆಯ ಕತ್ತರಿ, ಒಂದೇ ರೀತಿಯ ನಂಬರು. ನಂಬರನ್ನು 1, 2, 3 ಅಂತ ಕೊಡಬೇಡಿ, 001, 002 ಅಂತ ಕೊಡಿ. ಇಲ್ಲದಿದ್ದರೆ ಕಂಪ್ಯೂಟರು ಹೆಸರಿನ ಪ್ರಕಾರ ಜೋಡಿಸುವಾಗ 10ನ್ನು 2ರ ಮುಂದೆ ತಂದು ಕೂರಿಸುತ್ತೆ.

ಇಲ್ಲಿಯವರೆಗೆ ಹೇಳಿದ ಎಡವಟ್ಟುಗಳೆಲ್ಲ ಒಂದು ಲೆಕ್ಕದಲ್ಲಿ ಒಳ್ಳೆಯವು. ಪದ್ಯ ಒಡೆದರೆ, ಜೋಡಿಯ ಹೆಸರು ಹೊಂದದಿದ್ದರೆ, ಮುಂದಿನ ಪ್ರೋಗ್ರಾಂಗಳು ಸಾಮಾನ್ಯವಾಗಿ ಅಲ್ಲೇ ಜಗಳ ತೆಗೆದು ನಿಲ್ಲುತ್ತವೆ. ಭಯ ಪಡಬೇಕಾದ್ದು ಜಗಳ ತೆಗೆಯದ ಎಡವಟ್ಟಿಗೆ.

ಒಂದು ಶನಿವಾರದ ಫೋನು

ನಮ್ಮ ಅತ್ತಿಗೆ ಒಂದು ಲ್ಯಾಬಿನಲ್ಲಿ ಇದೇ ಕೆಲಸ ಮಾಡ್ತಾರೆ. ಒಂದು ಶನಿವಾರ ಮಧ್ಯಾಹ್ನ ಫೋನ್ ಮಾಡಿದರು.

“ಒಂದು ಡೌಟು ಕಣೇ. ಪ್ರತಿ ಜಾಗನ 30 ಸಲ ಓದಿಸಿ ಅಂತ ದುಡ್ಡು ಕಟ್ಟಿದೀವಿ. ಲೆಕ್ಕ ಹಾಕಿದ್ರೆ ಸರಾಸರಿ 18 ಬರ್ತಿದೆ. ನಮ್ಮ ಸ್ಕ್ರಿಪ್ಟ್ ನೋಡಿದ್ರೆ ಎಲ್ಲಾ ಸರಿಯಾಗಿ ಮುಗೀತು ಅಂತಿದೆ.”

“ರಿಪೋರ್ಟಲ್ಲಿ ಏನು ಬಂದಿದೆ ಅತ್ತಿಗೆ?”

“ಕಾಯಿಲೆಗೆ ಕಾರಣ ಆಗೋ ಬದಲಾವಣೆ ಯಾವುದೂ ಸಿಗಲಿಲ್ಲ ಅಂತ. ನಾಲ್ಕು ವರ್ಷದ ಮಗು, ಪದೇ ಪದೇ ಫಿಟ್ಸ್ ಬರ್ತಿದೆ. ಸೋಮವಾರ ಡಾಕ್ಟರಿಗೆ ಕಳಿಸ್ಬೇಕು. ನಂಗೆ ಭಯ ಆಗ್ತಿರೋದು ಅದಕ್ಕೇ. ಇಲ್ಲದೆ ಸಿಗಲಿಲ್ವೋ, ನೋಡದೆ ಸಿಗಲಿಲ್ವೋ?”

ರೋಗಿಗಳ ಡೇಟಾ ಮನೆಗೆ ತರೋ ಹಾಗಿಲ್ಲ, ತರಬಾರದು ಕೂಡ. ನಾನು ಫೋನಿನಲ್ಲಿ ಹೇಳೋದು, ಅವರು ಲ್ಯಾಬಿನಲ್ಲಿ ಟೈಪ್ ಮಾಡಿ ಏನು ಬಂತು ಅಂತ ಓದೋದು, ಹೀಗೆ ಶುರುವಾಯ್ತು.

“ಮೊದಲು ತುಂಡು ಎಷ್ಟಿದೆ ಎಣಿಸಿ ಅತ್ತಿಗೆ. ಎರಡೂ ಕಡೆ.”

“ಮೊದಲನೇದರಲ್ಲಿ 30. ಎರಡನೇದರಲ್ಲಿ...” ಸ್ವಲ್ಪ ಹೊತ್ತು ಸದ್ದಿಲ್ಲ. “ಹತ್ತೊಂಬತ್ತೇ ಇದೆಯಲ್ಲೇ!”

“ಮೂಲ ಫೈಲನ್ನು ಜಿಜಿಪ್‌ನಲ್ಲೇ ಪರೀಕ್ಷೆ ಮಾಡಿ, ಟಿ ಅಂತ ಒಂದು ಆಯ್ಕೆ ಇದೆ ನೋಡಿ.”

ಅದು ಮುಗಿಯೋಕೆ ಹೊತ್ತು ಹಿಡೀತು. ಅತ್ತಿಗೆ ಒಂದು ಲೋಟ ಕಾಫಿ ಕುಡಿದು ಬಂದರು. ಉತ್ತರ ಬಂದಿತ್ತು: ಫೈಲು ಅನಿರೀಕ್ಷಿತವಾಗಿ ಮುಗಿದಿದೆ.

ಆಗಿದ್ದು ಇಷ್ಟು. ಹಾರ್ಡ್‌ಡಿಸ್ಕಿನಿಂದ ಸರ್ವರಿಗೆ ಕಾಪಿ ಮಾಡುವಾಗ ಎರಡನೇ ಫೈಲು ಅರ್ಧಕ್ಕಿಂತ ಸ್ವಲ್ಪ ಮುಂದೆ ನಿಂತುಹೋಗಿತ್ತು. ಝೆಡ್‌ಕ್ಯಾಟ್ ಅಲ್ಲಿಯವರೆಗೆ ಬಿಚ್ಚಿ, ಒಂದು ಸಾಲು ಗೊಣಗಿ, ಕೆಲಸ ಬಿಟ್ಟಿತ್ತು. ಪೈಪಿನ ಆಚೆ ತುದಿಯಲ್ಲಿದ್ದ ಸ್ಪ್ಲಿಟ್‌ಗೆ ಇದು ಗೊತ್ತಿಲ್ಲ. ನೀರು ನಿಂತಿತು, ಇನ್ನು ಮುಗೀತು ಅಂತ ಕೊನೆಯ ಕೊಡ ಮುಚ್ಚಿಟ್ಟು ‘ನನ್ನ ಕೆಲಸ ಆಯ್ತು’ ಅಂದಿತ್ತು. ಪೈಪಿನಲ್ಲಿ ಬ್ಯಾಶ್ ಕೇಳೋದು ಕೊನೆಯವನ ಮಾತು ಮಾತ್ರ. ಅವನು ಸರಿ ಅಂದರೆ ಎಲ್ಲ ಸರಿ. ಮುಂದೆ ಸ್ಕ್ರಿಪ್ಟು ಎರಡನೇ ಫೈಲಿನ ತುಂಡುಗಳ ಪಟ್ಟಿ ಹಿಡಿದು ಒಂದೊಂದಕ್ಕೂ ಜೋಡಿ ಹುಡುಕಿತ್ತು. ಹತ್ತೊಂಬತ್ತಕ್ಕೂ ಜೋಡಿ ಸಿಕ್ಕಿತು. ಮೊದಲ ಫೈಲಿನ ಉಳಿದ 11 ತುಂಡುಗಳನ್ನು ಯಾರೂ ಕೇಳಲೇ ಇಲ್ಲ. ಕೊನೆಯ ಅರೆಬರೆ ತುಂಡಿನ ಬಗ್ಗೆ ‘ಎರಡನೇ ಫೈಲಿನಲ್ಲಿ ರೀಡ್ ಕಡಿಮೆ ಇದೆ’ ಅಂತ ಒಂದು ಎಚ್ಚರಿಕೆಯೇನೋ ಬಂದಿತ್ತು. ಅದು ಸಾವಿರಾರು ಸಾಲಿನ ಲಾಗ್ ಫೈಲಿನ ನಡುವೆ ಕೂತಿತ್ತು.

ಆ ಸ್ಕ್ರಿಪ್ಟು ಬರೆದವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾವತ್ತೂ ಕೈಕೊಡದ ಸ್ಕ್ರಿಪ್ಟು ಅಂತ ಎಲ್ಲರಿಗೂ ಅದರ ಮೇಲೆ ನಂಬಿಕೆ.

ನೀರು ಬೆರೆತ ಮಜ್ಜಿಗೆ

ಇಲ್ಲಿ ಒಂದು ಪ್ರಶ್ನೆ ಬರಬೇಕು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಡೇಟಾ ಹೋದರೂ ರಿಪೋರ್ಟಿನಲ್ಲಿ ಯಾಕೆ ಕಾಣಲಿಲ್ಲ?

ಫೈಲಿನಲ್ಲಿ ರೀಡ್‌ಗಳು ಜೀನೋಮ್‌ನ ಕ್ರಮದಲ್ಲಿ ಇರೋದಿಲ್ಲ. ಓದುವ ಗಾಜಿನ ತಟ್ಟೆಯ ಮೇಲೆ ಯಾವ ಚೂರು ಎಲ್ಲಿ ಅಂಟಿತ್ತೋ ಆ ಕ್ರಮದಲ್ಲಿ ಇರುತ್ತವೆ. ಅಂದರೆ ಜೀನೋಮ್‌ನ ಲೆಕ್ಕದಲ್ಲಿ ಚೆನ್ನಾಗಿ ಕಲಸಿಟ್ಟ ಹಾಗೆ. 11 ತುಂಡು ಹೋದರೆ ಒಂದು ಇಡೀ ಕ್ರೋಮೋಸೋಮ್ ಮಾಯವಾಗೋದಿಲ್ಲ. ಹಾಗಾಗಿದ್ದರೆ ಯಾರಾದರೂ ಬೆಚ್ಚಿಬೀಳುತ್ತಿದ್ದರು. ಬದಲಿಗೆ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತೆ. ಮಜ್ಜಿಗೆಗೆ ನೀರು ಬೆರೆಸಿದ ಹಾಗೆ. ಲೋಟ ತುಂಬಿಯೇ ಇರುತ್ತೆ, ಬಣ್ಣ ಬಿಳಿಯೇ ಇರುತ್ತೆ.

ತೆಳುವಾದರೆ ಏನಾಗುತ್ತೆ? ನಮ್ಮಲ್ಲಿ ಬಹುಪಾಲು ಜೀನ್‌ಗಳ ಎರಡು ಪ್ರತಿ ಇರುತ್ತೆ, ಒಂದು ಅಮ್ಮನದು, ಒಂದು ಅಪ್ಪನದು. ಒಂದೇ ಪ್ರತಿಯಲ್ಲಿ ಬದಲಾವಣೆ ಇದ್ದರೆ, ಆ ಜಾಗದ ಪ್ರತಿ ರೀಡ್ ಕೂಡ ನಾಣ್ಯ ಚಿಮ್ಮಿದ ಹಾಗೆ. ತಲೆ ಬಿದ್ದರೆ ಬದಲಾದ ಪ್ರತಿ, ಬಾಲ ಬಿದ್ದರೆ ಸಾದಾ ಪ್ರತಿ. ಹತ್ತು ರೀಡ್ ಇದ್ದು ಹತ್ತೂ ಬಾಲವೇ ಬೀಳುವ ಸಾಧ್ಯತೆ 1,024ರಲ್ಲಿ ಒಂದು. ನಾಲ್ಕೇ ರೀಡ್ ಇದ್ದರೆ? 16ರಲ್ಲಿ ಒಂದು. ತಲೆ ಒಂದು ಸಲ ಬಿದ್ದರೂ ಸಾಲದು. ಒಂದೇ ರೀಡ್‌ನಲ್ಲಿ ಕಂಡ ಬದಲಾವಣೆಯನ್ನು ಪ್ರೋಗ್ರಾಂ ಯಂತ್ರದ ತಪ್ಪು ಅಂದುಕೊಂಡು ಕೈಬಿಡಬಹುದು.

ಸರಾಸರಿ 18 ಅಂದರೆ ಎಲ್ಲ ಕಡೆ 18 ಅಂತಲ್ಲ. ಕೆಲವು ಕಡೆ 30, ಕೆಲವು ಕಡೆ ನಾಲ್ಕು. ಅಂಥ ಬಡ ಜಾಗಗಳು ಸರಾಸರಿ ಇಳಿದ ಹಾಗೆ ಹೆಚ್ಚಾಗುತ್ತಾ ಹೋಗುತ್ತವೆ. ಆ ಮಗುವಿನ ಬದಲಾವಣೆ ಅಂಥ ಜಾಗದಲ್ಲೇ ಇದ್ದಿದ್ದರೆ? ‘ಸಿಗಲಿಲ್ಲ’ ಅನ್ನೋ ಪದ ಓದಿದ ಅಪ್ಪ ಅಮ್ಮ ‘ಇಲ್ಲ’ ಅಂತಲೇ ಅರ್ಥ ಮಾಡಿಕೊಳ್ತಾರೆ. ಡಾಕ್ಟರು ಬೇರೆ ದಾರಿ ಹಿಡೀತಾರೆ. ಮುಂದಿನ ಮಗುವಿನ ಬಗ್ಗೆ ಅವರು ಮಾಡೋ ತೀರ್ಮಾನವೂ ಅದರ ಮೇಲೇ ನಿಂತಿರಬಹುದು.

ಫೈಲನ್ನು ಮತ್ತೆ ಕಾಪಿ ಮಾಡಿ, ಎಲ್ಲವನ್ನೂ ಮೊದಲಿಂದ ನಡೆಸಿದರು. ರಿಪೋರ್ಟು ಸೋಮವಾರದ ಬದಲು ಗುರುವಾರ ಹೋಯ್ತು. ಅದರಲ್ಲಿ ಏನಿತ್ತು ಅಂತ ಅತ್ತಿಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಆ ಮನೆಯವರ ವಿಷಯ. ಈ ಸಲ ಪೂರ್ತಿ ನೋಡಿಯೇ ಹೇಳಿದ್ದು ಅನ್ನೋದು ಮಾತ್ರ ನಮಗೆ ಗೊತ್ತು.

ಹೊಸ ಸ್ಕ್ರಿಪ್ಟಿನಲ್ಲಿ ಏನಿದೆ?

ಭಾನುವಾರ ಕೂತು ಬರೆದ ಹೊಸ ಸ್ಕ್ರಿಪ್ಟು ನಲವತ್ತು ಸಾಲೂ ಇಲ್ಲ. ತುಂಡು ಮಾಡುವ ಸಾಲು ಹಳೆಯದೇ. ಉಳಿದದ್ದೆಲ್ಲ ಲೆಕ್ಕ ಕೇಳುವ ಸಾಲುಗಳು.

ಮೊದಲನೆಯದು, ಶುರುವಿನಲ್ಲೇ ಪೈಪ್‌ಫೇಲ್ ಆಯ್ಕೆಯನ್ನು ಆನ್ ಮಾಡೋದು. ಆಗ ಪೈಪಿನಲ್ಲಿ ಯಾರೇ ಸೋತರೂ ಇಡೀ ಪೈಪು ಸೋತ ಹಾಗೆ. ಕೊನೆಯವನು ‘ಸರಿ’ ಅಂದರೆ ಸಾಲದು. ಸೋತಿದ್ದು ಗೊತ್ತಾದ ತಕ್ಷಣ ಸ್ಕ್ರಿಪ್ಟೂ ನಿಲ್ಲಬೇಕು, ಅದಕ್ಕೆ ಬ್ಯಾಶ್‌ನ ಇ ಆಯ್ಕೆಯನ್ನೂ ಜೊತೆಗೆ ಕೊಡಿ.

ಎರಡನೆಯದು, ಬಂದ ಫೈಲಿನ ಚೆಕ್‌ಸಮ್ ಹೊಂದಿಸೋದು. ಸೀಕ್ವೆನ್ಸಿಂಗ್ ಮಾಡಿದವರು ಫೈಲಿನ ಜೊತೆ ಸಾಮಾನ್ಯವಾಗಿ ಎಂಡಿ5 ಅನ್ನೋ 32 ಅಕ್ಷರದ ಬೆರಳಚ್ಚು ಕಳಿಸಿರುತ್ತಾರೆ. ಅತ್ತಿಗೆಯ ಫೋಲ್ಡರಿನಲ್ಲೂ ಅದು ಇತ್ತು, ತೆರೆದು ನೋಡಿದವರಿರಲಿಲ್ಲ. ಹೊಂದಲಿಲ್ಲ ಅಂದರೆ ಮುಂದೆ ಹೆಜ್ಜೆಯೇ ಇಲ್ಲ.

ಮೂರನೆಯದು, ಎಣಿಕೆ. ಎರಡೂ ಫೈಲಿನ ಸಾಲು ಸಮ ಇರಬೇಕು, ನಾಲ್ಕರಿಂದ ಭಾಗವಾಗಬೇಕು. ತುಂಡುಗಳ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕು. ತುಂಡುಗಳ ಸಾಲು ಕೂಡಿಸಿದರೆ ಮೂಲದ ಸಾಲು ಬರಬೇಕು.

ನಾಲ್ಕನೆಯದು ನನಗೆ ಬಹಳ ಇಷ್ಟ. ಜಿಜಿಪ್ ತುಂಡುಗಳನ್ನು ಒಂದರ ಹಿಂದೆ ಒಂದು ಸುಮ್ಮನೆ ಅಂಟಿಸಿದರೂ ಅದು ಸರಿಯಾದ ಜಿಜಿಪ್ ಫೈಲೇ. ಹಾಗಾಗಿ ಎಲ್ಲ ತುಂಡುಗಳನ್ನೂ ಸಾಲಾಗಿ ಝೆಡ್‌ಕ್ಯಾಟ್‌ಗೆ ಕೊಟ್ಟು, ಬಿಚ್ಚಿದ ಸಾಲುಗಳ ಎಂಡಿ5 ತೆಗೀಬಹುದು. ಮೂಲ ಫೈಲನ್ನು ಬಿಚ್ಚಿಯೂ ಎಂಡಿ5 ತೆಗೆಯಿರಿ. ಎರಡೂ ಒಂದೇ ಬಂದರೆ ಒಂದು ಅಕ್ಷರವೂ ಆಚೀಚೆ ಆಗಿಲ್ಲ ಅಂತ ಅರ್ಥ. ಒತ್ತಿದ ಫೈಲುಗಳನ್ನೇ ಹೋಲಿಸಿದರೆ ಮಾತ್ರ ಹೊಂದೋದಿಲ್ಲ. ಒಂದೇ ಸೀರೆಯನ್ನು ಬೇರೆ ಬೇರೆ ಥರ ಮಡಿಸಿದ ಹಾಗೆ ಅವು.

ಸಮಯ ಉಳಿಸಲು ಜಿಜಿಪ್ ಫೈಲಿನ ಕೊನೆಯಲ್ಲಿ ಬರೆದಿರುವ ಮೂಲ ಗಾತ್ರವನ್ನೇ ಓದಿಬಿಡೋಣ ಅಂದುಕೊಳ್ಳಬೇಡಿ. ಅಲ್ಲಿ ಗಾತ್ರಕ್ಕೆ ಇರೋದು ನಾಲ್ಕೇ ಬೈಟ್ ಜಾಗ. 4 ಜಿಬಿ ದಾಟಿದರೆ ಹಳೇ ಸ್ಕೂಟರಿನ ಮೀಟರಿನ ಹಾಗೆ ಮತ್ತೆ ಸೊನ್ನೆಯಿಂದ ತಿರುಗುತ್ತೆ.

ಕೊನೆಯದು, ಎಲ್ಲಿ ಕೂಡಿಸಬೇಕು ಅನ್ನೋದು. ರೀಡ್‌ಗಳ ಜಾಗ ಹುಡುಕುವವರೆಗೆ ತುಂಡು ತುಂಡಾಗಿ ನಡೆಸಬಹುದು. ಅದಾದ ಮೇಲೆ ನಕಲು ರೀಡ್‌ಗಳನ್ನು ಗುರುತಿಸುವ ಹಂತ ಬರುತ್ತೆ. ಅದಕ್ಕೆ ಮೊದಲು ಎಲ್ಲವನ್ನೂ ಒಂದು ಮಾಡಲೇಬೇಕು. ಒಂದೇ ಚೂರಿನ ಎರಡು ನಕಲು ಎರಡು ತುಂಡುಗಳಲ್ಲಿ ಕೂತಿರಬಹುದು. ಎರಡು ಬೂತಿನಲ್ಲಿ ಒಬ್ಬರೇ ವೋಟು ಹಾಕಿದರೆ, ಒಂದೊಂದು ಬೂತಿನ ಪಟ್ಟಿ ನೋಡಿ ಹಿಡಿಯೋಕೆ ಆಗುತ್ತಾ? ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಇಷ್ಟೆಲ್ಲ ಸ್ವತಃ ಬರೆಯೋ ಪುರುಸೊತ್ತಿಲ್ಲ ಅನ್ನೋರಿಗೆ ಸೆಕ್‌ಕಿಟ್‌ನಂಥ ಉಚಿತ ಸಾಧನಗಳಿವೆ. ನಾಲ್ಕು ಸಾಲಿನ ಗುಟ್ಟು ಅವಕ್ಕೆ ಗೊತ್ತು, ಜೋಡಿ ಫೈಲುಗಳನ್ನೂ ಒಟ್ಟಿಗೆ ತುಂಡು ಮಾಡುತ್ತವೆ. ಆದರೆ ಅರ್ಧಕ್ಕೆ ನಿಂತ ಕಾಪಿಯನ್ನು ಪೂರ್ತಿ ಮಾಡೋಕೆ ಯಾವ ಸಾಧನಕ್ಕೂ ಆಗೋದಿಲ್ಲ. ಎಣಿಸೋದು ನಮ್ಮ ಕೆಲಸವೇ.

ಡಿಎನ್‌ಎ ಮುಟ್ಟದವರಿಗೆ

ನಿಮ್ಮಲ್ಲಿ ಹೆಚ್ಚಿನವರು ಇಂಥ ಫೈಲನ್ನು ಎಂದೂ ನೋಡಲಿಕ್ಕಿಲ್ಲ. ಆದರೆ ಆಫೀಸಿನಲ್ಲಿ ಗ್ರಾಹಕರ ಪಟ್ಟಿಯನ್ನೋ, ಸಂಬಳದ ಶೀಟನ್ನೋ, ಆ್ಯಪ್‌ನ ಲಾಗನ್ನೋ ತುಂಡು ಮಾಡಿಯೇ ಇರ್ತೀರಿ. ಅಲ್ಲೂ ಇದೇ ಕಥೆ. ಸಿಎಸ್‌ವಿ ಫೈಲಿನಲ್ಲಿ ಯಾರೋ ಒಬ್ಬರು ವಿಳಾಸದ ನಡುವೆ ಎಂಟರ್ ಒತ್ತಿದ್ದರೆ ಒಂದು ದಾಖಲೆ ಎರಡು ಸಾಲು ಆಗಿರುತ್ತೆ. ಸಾಲು ಎಣಿಸಿ ಕತ್ತರಿಸಿದರೆ ಆ ಮನುಷ್ಯ ಎರಡು ಹೋಳು. ಪೈಪಿನ ಮೊದಲ ತುದಿ ಸತ್ತರೂ ಕೊನೆಯ ತುದಿ ಹಸಿರು ಟಿಕ್ ಹಾಕುತ್ತೆ. ‘ದೂರು ಯಾವುದೂ ಇಲ್ಲ’ ಅಂತ ಡ್ಯಾಶ್‌ಬೋರ್ಡ್ ತೋರಿಸಿದಾಗ, ದೂರು ಬರಲಿಲ್ಲವೋ, ದೂರಿನ ಫೈಲೇ ಬರಲಿಲ್ಲವೋ ಅಂತ ಒಮ್ಮೆ ಕೇಳಿ.

ನಾಳೆ ಆಫೀಸಿಗೆ ಹೋದಾಗ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಟೀಮಿನಲ್ಲಿ ‘ಯಾವತ್ತೂ ಕೈಕೊಟ್ಟಿಲ್ಲ’ ಅನ್ನೋ ಹೆಸರಿರುವ ಹಳೇ ಸ್ಕ್ರಿಪ್ಟ್ ಒಂದನ್ನು ತೆರೆಯಿರಿ. ಅದರಲ್ಲಿ ಪೈಪ್ ಇದ್ದು ಪೈಪ್‌ಫೇಲ್ ಇಲ್ಲದಿದ್ದರೆ, ಒಂದು ಫೈಲಿನ ಪ್ರತಿ ಮಾಡಿ, ಬೇಕಂತಲೇ ಅರ್ಧಕ್ಕೆ ತುಂಡರಿಸಿ ಅದಕ್ಕೆ ಕೊಟ್ಟು ನೋಡಿ. ಅದು ಜಗಳ ತೆಗೆಯಿತೋ, ‘ಎಲ್ಲ ಸರಿ’ ಅಂತೋ, ನಮಗೂ ಬರೆದು ತಿಳಿಸಿ.